ಬೆಂಗಳೂರಿಗಿಂತ ಮೊದಲು ರಾಯಚೂರಿನ ಹಳ್ಳಿಗೆ: 1975ರ ಉಪಗ್ರಹ ಪಾಠದ ಕಥೆ

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲೇ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿ.ವಿ. ಕನ್ನಡ ಮಾತಾಡುತ್ತಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳು ಅದರ ಮುಂದೆ ಕೂರುತ್ತಿದ್ದರು. ಸಂಜೆ ಹೊಲದಿಂದ ಬಂದವರು ಕೈಕಾಲು ತೊಳೆದು ಅದೇ ಪೆಟ್ಟಿಗೆಯ ಮುಂದೆ ಸೇರುತ್ತಿದ್ದರು. ಪಕ್ಕದ ತಾಲ್ಲೂಕು ಪಟ್ಟಣದ ಶ್ರೀಮಂತನ ಮನೆಯಲ್ಲೂ ಇಲ್ಲದ ವಸ್ತು ಬಡ ಹಳ್ಳಿಯ ಶಾಲೆಯಲ್ಲಿ ಇತ್ತು. ಕಾರ್ಯಕ್ರಮ ಬರುತ್ತಿದ್ದದ್ದು ಹತ್ತಿರದ ಯಾವ ಗೋಪುರದಿಂದಲೂ ಅಲ್ಲ, 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದ್ದ ಅಮೆರಿಕದ ಒಂದು ಉಪಗ್ರಹದಿಂದ.

ಇದರ ಪೂರ್ಣ ಹೆಸರು ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. ಜನ ಬಳಸಿದ್ದು ಅದರ ಇಂಗ್ಲಿಷ್ ಮೊದಲಕ್ಷರಗಳ ಚಿಕ್ಕ ಹೆಸರು: ಸೈಟ್. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ ಅದು ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು: ಕರ್ನಾಟಕ, ಆಂಧ್ರಪ್ರದೇಶ, ಒರಿಸ್ಸಾ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ. ಇಂದು ಶಾಲೆಗಳಲ್ಲಿ ಸ್ಮಾರ್ಟ್ ಕ್ಲಾಸ್, ಟ್ಯಾಬ್, ಆ್ಯಪ್‌ಗಳ ಮಾತು ಎದ್ದಾಗಲೆಲ್ಲ ಈ ಹಳೆಯ ಪ್ರಯೋಗವನ್ನು ನೆನೆಯುವುದಕ್ಕೆ ಕಾರಣವಿದೆ. ಯಂತ್ರದಿಂದ ಪಾಠ ಹೇಳಿಸಲು ಹೊರಟವರು, ಅದರಿಂದ ಮಕ್ಕಳು ನಿಜಕ್ಕೂ ಏನು ಕಲಿತರು ಎಂದು ಇಷ್ಟು ದೊಡ್ಡ ಪ್ರಮಾಣದಲ್ಲಿ ಅಳೆದು, ಸಿಕ್ಕಿದ ಉತ್ತರವನ್ನು ಮುಚ್ಚಿಡದೆ ಹೇಳಿದ ಉದಾಹರಣೆ ನಮ್ಮಲ್ಲಿ ಅಪರೂಪ.

ಸಾರಾಭಾಯಿ ಹೂಡಿದ ವಾದ

ಭಾರತದಲ್ಲಿ ಟಿ.ವಿ. ಶುರುವಾದದ್ದು 1959ರ ಸೆಪ್ಟೆಂಬರ್‌ನಲ್ಲಿ, ದೆಹಲಿಯಲ್ಲಿ. ಸುಮಾರು ಎರಡು ವರ್ಷಕ್ಕೆ ಅಲ್ಲಿನ ಪ್ರೌಢಶಾಲೆಗಳಿಗೆ ಟಿ.ವಿ. ಪಾಠ ಆರಂಭವಾಯಿತು. ಅಂದರೆ ನಮ್ಮ ದೇಶದಲ್ಲಿ ಟಿ.ವಿ. ಮನರಂಜನೆಗೆ ಮೊದಲು ಮೇಷ್ಟರ ಕೆಲಸಕ್ಕೆ ಬಂತು. ಆದರೆ ಅದು ದೆಹಲಿಯ ಗಡಿ ದಾಟಲಿಲ್ಲ. ಗೋಪುರದಿಂದ ಹೊರಡುವ ಅಲೆ ಹತ್ತಾರು ಕಿಲೋಮೀಟರ್ ಹೋಗುವುದರೊಳಗೆ ಸೋಲುತ್ತದೆ. ಇನ್ನೊಂದು ಊರಿಗೆ ಇನ್ನೊಂದು ಗೋಪುರ ಬೇಕು. ಗೋಪುರ ಕಟ್ಟುವವರು ಮೊದಲು ನೋಡುವುದು ಮಹಾನಗರ, ಆಮೇಲೆ ಜಿಲ್ಲಾ ಕೇಂದ್ರ. ಹಳ್ಳಿಯ ಸರದಿ ಕೊನೆಗೆ.

ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ರೂವಾರಿ ವಿಕ್ರಮ್ ಸಾರಾಭಾಯಿ ಈ ಸಾಲನ್ನು ತಲೆಕೆಳಗು ಮಾಡಲು ಹೊರಟರು. ಉಪಗ್ರಹದ ಕಣ್ಣಿಗೆ ನಗರವೂ ಒಂದೇ, ಕುಗ್ರಾಮವೂ ಒಂದೇ. ಹಾಗಿದ್ದ ಮೇಲೆ ಕುಗ್ರಾಮದಿಂದಲೇ ಏಕೆ ಆರಂಭಿಸಬಾರದು ಎಂಬುದು ಅವರ ವಾದದ ಸಾರ. ಮಾತು ಬಾಯಿಮಾತಾಗಿ ಉಳಿಯಬಾರದೆಂದು ಅವರು ಮೊದಲು ಸಣ್ಣದೊಂದು ಪರೀಕ್ಷೆ ಮಾಡಿಸಿದರು. 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಿಗೆ ಸಮುದಾಯದ ಟಿ.ವಿ. ಕೊಟ್ಟು ‘ಕೃಷಿ ದರ್ಶನ’ ಶುರುವಾಯಿತು. ರೈತರು ನೋಡುತ್ತಾರೆ, ನೋಡಿದ್ದನ್ನು ಚರ್ಚಿಸುತ್ತಾರೆ, ಯಂತ್ರವನ್ನು ಕಾಪಾಡಿಕೊಳ್ಳಬಲ್ಲರು ಎಂಬ ಧೈರ್ಯ ಅಲ್ಲಿಂದ ಬಂತು.

1969ರ ಸೆಪ್ಟೆಂಬರ್‌ನಲ್ಲಿ ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಕ್ಕೂ ಒಪ್ಪಂದವಾಯಿತು. ಯಾರೂ ಯಾರಿಗೂ ಹಣ ಕೊಡುವಂತಿಲ್ಲ. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷ ಬಿಟ್ಟುಕೊಡಬೇಕು. ನೆಲದ ಮೇಲಿನದೆಲ್ಲ, ಅಂದರೆ ಭೂಕೇಂದ್ರ, ಟಿ.ವಿ., ಆಂಟೆನಾ, ಕಾರ್ಯಕ್ರಮ, ರಿಪೇರಿ, ಸಂಶೋಧನೆ ಎಲ್ಲವೂ ಭಾರತದ ಹೊಣೆ. ಈ ಷರತ್ತಿನಿಂದಲೇ ನಮ್ಮ ಎಂಜಿನಿಯರುಗಳು ಎಲ್ಲವನ್ನೂ ಸ್ವಂತ ಕೈಯಿಂದ ಮಾಡುವುದು ಅನಿವಾರ್ಯವಾಯಿತು.

ಸಾರಾಭಾಯಿ ಈ ಪ್ರಯೋಗವನ್ನು ನೋಡಲು ಉಳಿಯಲಿಲ್ಲ. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ತೀರಿಕೊಂಡರು. ಮರುವರ್ಷ ಬಾಹ್ಯಾಕಾಶ ಸಂಸ್ಥೆ ಇಸ್ರೋದ ಹೊಣೆ ಹೊತ್ತ ಸತೀಶ್ ಧವನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿದರು. ಇಸ್ರೋದ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರಕ್ಕೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ವಿಶ್ವಕಿರಣ ವಿಜ್ಞಾನಿ ಯಶ್‌ಪಾಲ್ ಬಂದರು. ಸೈಟ್‌ನ ದೈನಂದಿನ ಚುಕ್ಕಾಣಿ ಇ. ವಿ. ಚಿಟ್ನಿಸ್ ಅವರ ಕೈಗೆ ಬಂತು.

ಕೋಳಿ ಬಲೆಯ ಆಂಟೆನಾ

ಎಟಿಎಸ್-6 ಆಕಾಶಕ್ಕೆ ಏರಿದ್ದು 1974ರ ಮೇ 30ರಂದು. ಆವರೆಗಿನ ಸಂಪರ್ಕ ಉಪಗ್ರಹಗಳ ಸಂಕೇತ ಎಷ್ಟು ಕ್ಷೀಣವಾಗಿತ್ತೆಂದರೆ, ಅದನ್ನು ಹಿಡಿಯಲು ನೆಲದ ಮೇಲೆ ಭಾರೀ ಆಂಟೆನಾ ಬೇಕಿತ್ತು. ಎಟಿಎಸ್-6ರ ಬೆನ್ನಿಗೆ ಒಂಬತ್ತು ಮೀಟರ್ ಅಗಲದ, ಕೊಡೆಯಂತೆ ಬಿಚ್ಚಿಕೊಳ್ಳುವ ಆಂಟೆನಾ ಇತ್ತು. ಮೇಲಿನ ಆಂಟೆನಾ ದೊಡ್ಡದಾದಷ್ಟೂ ಕೆಳಗಿನದು ಚಿಕ್ಕದಾದರೆ ಸಾಕು, ಹಳ್ಳಿಯ ಟಿ.ವಿ. ನೇರವಾಗಿ ಉಪಗ್ರಹದಿಂದಲೇ ಚಿತ್ರ ಹಿಡಿಯಲು ಸಾಧ್ಯವಾದದ್ದು ಇದರಿಂದ. ಉಪಗ್ರಹ ಮೊದಲ ವರ್ಷ ಅಮೆರಿಕದ ಅಲಾಸ್ಕಾ, ಅಪಲೇಚಿಯಾ ಮುಂತಾದ ಕಡೆ ಆರೋಗ್ಯ ಮತ್ತು ಶಿಕ್ಷಣದ ಪ್ರಯೋಗಗಳಿಗೆ ದುಡಿಯಿತು. ಆಮೇಲೆ ಅದನ್ನು ಮೆಲ್ಲಗೆ ಸರಿಸಿ ಪೂರ್ವ ಆಫ್ರಿಕಾದ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಲ್ಲಿಸಿದರು. 1975ರ ಜುಲೈನಲ್ಲಿ ಅಮೆರಿಕ ಮತ್ತು ಸೋವಿಯತ್ ವ್ಯೋಮನೌಕೆಗಳು ಕೂಡಿಕೊಂಡಾಗ ಅದರ ಚಿತ್ರಗಳನ್ನು ಭೂಮಿಗೆ ದಾಟಿಸಿದ್ದೂ ಇದೇ ಉಪಗ್ರಹ. ಆ ಕೆಲಸ ಮುಗಿದ ಮರುವಾರವೇ ಅದು ನಮ್ಮ ಹಳ್ಳಿಗಳ ಪಾಠಕ್ಕೆ ಬಂತು.

ನೆಲದ ಮೇಲಿನ ಆಂಟೆನಾವನ್ನು ಬಾಹ್ಯಾಕಾಶ ಅನ್ವಯ ಕೇಂದ್ರದವರು ರೂಪಿಸಿದರು. ಸುಮಾರು ಮೂರು ಮೀಟರ್ ಅಗಲದ ಚೌಕಟ್ಟಿಗೆ ಕೋಳಿಗೂಡಿಗೆ ಹೊದಿಸುವ ತಂತಿ ಬಲೆ ಬಿಗಿದರೆ ಮುಗಿಯಿತು. ಗಾಳಿ ಅದರ ಕಣ್ಣುಗಳ ನಡುವೆ ನುಸುಳಿ ಹೋಗುತ್ತದೆ, ಅಲೆ ಮಾತ್ರ ತಡೆದು ನಿಲ್ಲುತ್ತದೆ. ಅಗ್ಗ, ಹಗುರ, ಹರಿದರೆ ಊರಲ್ಲೇ ಸರಿಪಡಿಸಬಹುದು. ಟಿ.ವಿ. ತಯಾರಿಸಿದ್ದು ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್. ದೂಳು, ಬಿಸಿಲು, ಏರಿಳಿಯುವ ವಿದ್ಯುತ್ತು ಎಲ್ಲವನ್ನೂ ತಾಳಿಕೊಳ್ಳುವಂತೆ ಅದನ್ನು ಗಟ್ಟಿಯಾಗಿ ಕಟ್ಟಿ, ಬೀಗ ಹಾಕುವ ಪೆಟ್ಟಿಗೆಯೊಳಗೆ ಇಟ್ಟರು. ಬೀಗದ ಕೈ ಮೇಷ್ಟರ ಬಳಿಯೋ ಪಂಚಾಯಿತಿಯವರ ಬಳಿಯೋ ಇರುತ್ತಿತ್ತು. ಕರೆಂಟೇ ಇಲ್ಲದ ಕೆಲವು ಹಳ್ಳಿಗಳಿಗೆ ಬ್ಯಾಟರಿಯಿಂದ ನಡೆಯುವ ಸೆಟ್ ಹೋಯಿತು. ಕೆಟ್ಟರೆ ರಿಪೇರಿ ಮಾಡಲು ಜೀಪು, ಬಿಡಿಭಾಗ ಮತ್ತು ತಂತ್ರಜ್ಞರಿದ್ದ ಕೇಂದ್ರಗಳನ್ನು ಆಯಾ ಪ್ರದೇಶದಲ್ಲೇ ತೆರೆದರು. ಸೆಟ್ ಕೊಳ್ಳುವಾಗಲೇ ರಿಪೇರಿಯ ಲೆಕ್ಕವನ್ನೂ ಹಾಕಿದ್ದರು ಎಂಬುದನ್ನು ಇಂದಿನವರು ಗಮನಿಸಬೇಕು.

ಹಳ್ಳಿಗಳ ಆಯ್ಕೆಯಲ್ಲೂ ಒಂದು ನಿಲುವಿತ್ತು. ಹಿಂದುಳಿದ ಜಿಲ್ಲೆಗಳೇ ಬೇಕು. ಹಳ್ಳಿಗಳು ರಿಪೇರಿಗೆ ಎಟುಕುವಂತೆ ಗುಂಪಾಗಿರಬೇಕು. ಕರ್ನಾಟಕದಲ್ಲಿ ಈ ಅಳತೆಗೆ ಸಿಕ್ಕಿದ್ದು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಇಂದಿನ ಬಾಗಲಕೋಟೆ, ಯಾದಗಿರಿ, ಕೊಪ್ಪಳಗಳೂ ಆಗ ಈ ಮೂರರೊಳಗೇ ಇದ್ದವು. 1972-73ರ ಬರ ಹಿಂಡಿಹಾಕಿದ್ದ ಸೀಮೆ ಇದು.

ಒಂದು ಚಿತ್ರ, ಎರಡು ದನಿ

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗಿನ ಒಂದೂವರೆ ಗಂಟೆ 5ರಿಂದ 12 ವರ್ಷದ ಶಾಲಾ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ಹೊತ್ತನ್ನು ಹಿಂದಿ, ಒರಿಯಾ, ತೆಲುಗು, ಕನ್ನಡಗಳು ಹಂಚಿಕೊಂಡವು. ಹಾಗಾಗಿ ಕನ್ನಡದ ಮಗುವಿಗೆ ದಿನಕ್ಕೆ ದಕ್ಕಿದ್ದು ಸುಮಾರು ಇಪ್ಪತ್ತೆರಡೂವರೆ ನಿಮಿಷ. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಜೊತೆಗೆ ಎಲ್ಲ ರಾಜ್ಯಗಳಿಗೂ ಸಮಾನವಾದ ಹಿಂದಿ ಕಾರ್ಯಕ್ರಮ. ತುರ್ತುಪರಿಸ್ಥಿತಿ ಘೋಷಣೆಯಾಗಿ ತಿಂಗಳು ಕಳೆದ ಮೇಲೆ ಆರಂಭವಾದ ಪ್ರಸಾರ ಅದು. ಸರ್ಕಾರದ ದನಿ ಅದರಲ್ಲಿ ಗಟ್ಟಿಯಾಗಿಯೇ ಇತ್ತು.

ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ದನಿಗಳನ್ನು ಹೊತ್ತು ತರಬಲ್ಲದಾಗಿತ್ತು. ಆಂಧ್ರ ಮತ್ತು ಕರ್ನಾಟಕದ ಹಳ್ಳಿಗಳಿಗೆ ಇದು ವರವಾಯಿತು. ತುಂಗಭದ್ರೆಯ ಆಚೆ ಕರ್ನೂಲಿನ ಹಳ್ಳಿಯವರು ತೆಲುಗಿನಲ್ಲಿ ಕೇಳುತ್ತಿದ್ದ ಕಾರ್ಯಕ್ರಮವನ್ನು ಅದೇ ಹೊತ್ತಿಗೆ ಈಚೆಯ ರಾಯಚೂರಿನವರು ಕನ್ನಡದಲ್ಲಿ ಕೇಳಬಹುದಿತ್ತು. ಆದರೆ ಇದೇ ಅನುಕೂಲ ಒಂದು ಇಕ್ಕಟ್ಟನ್ನೂ ತಂದಿತು. ಚಿತ್ರ ಒಂದೇ ಆದ್ದರಿಂದ ಕಾರ್ಯಕ್ರಮ ಇತ್ತಲಾಗಿ ಪೂರಾ ರಾಯಚೂರಿನದೂ ಆಗುವಂತಿರಲಿಲ್ಲ, ಅತ್ತಲಾಗಿ ಪೂರಾ ಕರ್ನೂಲಿನದೂ ಆಗುವಂತಿರಲಿಲ್ಲ. ಎರಡೂ ಕಡೆಗೆ ಹೊಂದುವ ಬೆಳೆ, ಹೊಂದುವ ಮನೆ, ಹೊಂದುವ ವಿಷಯ ಹುಡುಕಬೇಕಾಯಿತು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ದೆಹಲಿ, ಕಟಕ್‌ಗಳಲ್ಲಿ ಉಳಿದ ಭಾಷೆಗಳವು. ಆಗ ಟಿ.ವಿ. ಆಕಾಶವಾಣಿಯ ಒಂದು ಅಂಗವಾಗಿತ್ತು. ದೂರದರ್ಶನ ಬೇರೆ ಮನೆ ಮಾಡಿದ್ದು ಸೈಟ್ ನಡೆಯುತ್ತಿದ್ದಾಗಲೇ, 1976ರ ಏಪ್ರಿಲ್‌ನಲ್ಲಿ.

ಮಕ್ಕಳ ವಿಜ್ಞಾನ ಕಾರ್ಯಕ್ರಮಗಳನ್ನು ಮಾತ್ರ ಇಸ್ರೋದವರೇ ಮುಂಬೈಯಲ್ಲಿ ತಯಾರಿಸಿದರು. ಅದರ ಹಿಂದೆ ಯಶ್‌ಪಾಲ್ ಅವರ ಒತ್ತಾಸೆ ಇತ್ತು. ಪಠ್ಯಪುಸ್ತಕದ ಪಾಠವನ್ನೇ ತೆರೆಯ ಮೇಲೆ ಓದಿ ಹೇಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಸುತ್ತಮುತ್ತ ಸಿಗುವ ಸಾಮಾನಿನಿಂದಲೇ ಮಾಡಿ ನೋಡುವ, ಏಕೆ ಎಂದು ಕೇಳುವ ಅಭ್ಯಾಸ ಮಗುವಿಗೆ ಬರಬೇಕೆಂಬುದು ಅವರ ಆಸೆ.

ಇದಕ್ಕಿಂತ ದೊಡ್ಡ ಕೆಲಸ ನಡೆದದ್ದು ಮೇಷ್ಟರುಗಳ ನಡುವೆ. 1975ರ ಅಕ್ಟೋಬರ್ ರಜೆಯಲ್ಲಿ, ಮತ್ತೆ ಮರುವರ್ಷದ ಬೇಸಿಗೆ ರಜೆಯಲ್ಲಿ, ಎನ್‌ಸಿಇಆರ್‌ಟಿಯ ಶೈಕ್ಷಣಿಕ ತಂತ್ರಜ್ಞಾನ ಕೇಂದ್ರದವರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ತರಬೇತಿ ಕೊಟ್ಟರು. ಎರಡೂ ಸೇರಿ ಸುಮಾರು 50,000 ಶಿಕ್ಷಕರು ತರಬೇತಿ ಪಡೆದರು. ತೆರೆಯಲ್ಲಿ ಒಂದು ಪ್ರಯೋಗ ನೋಡುವುದು, ರೇಡಿಯೋದಲ್ಲಿ ವಿವರಣೆ ಕೇಳುವುದು, ಮುದ್ರಿತ ಪಾಠ ಓದುವುದು, ಕೊನೆಗೆ ಗುಂಪಿನಲ್ಲಿ ಕೂತು ಕೈಯಾರೆ ಮಾಡುವುದು: ಹೀಗೆ ನಾಲ್ಕು ದಾರಿಗಳನ್ನು ಹೆಣೆದ ತರಬೇತಿ ಅದು. ಇಂದು ಬ್ಲೆಂಡೆಡ್ ಕಲಿಕೆ ಎಂದು ಹೊಸದಾಗಿ ಹೇಳಿಕೊಳ್ಳುವ ಪದ್ಧತಿಯನ್ನು ಅವರು ಆ ಹೆಸರಿಲ್ಲದೆ ಮಾಡಿ ಮುಗಿಸಿದ್ದರು.

ಹಳ್ಳಿಯಲ್ಲಿ ಮನೆ ಮಾಡಿದ ಸಂಶೋಧಕರು

ಸೈಟ್‌ನ ಹೆಸರಿನಲ್ಲಿದ್ದ ‘ಪ್ರಯೋಗ’ ಎಂಬ ಮಾತನ್ನು ಅದರ ಹಿಂದಿದ್ದವರು ಅಕ್ಷರಶಃ ಪಾಲಿಸಿದರು. ಇಸ್ರೋ ರಾಕೆಟ್ಟಿನ ಎಂಜಿನಿಯರುಗಳ ಜೊತೆಗೆ ದೊಡ್ಡ ಸಂಖ್ಯೆಯಲ್ಲಿ ಸಮಾಜವಿಜ್ಞಾನಿಗಳನ್ನೂ ಕೆಲಸಕ್ಕೆ ತೆಗೆದುಕೊಂಡಿತು. ಅವರಲ್ಲಿ ಮುಂದಾಳಾದವರು ಮಾನವಶಾಸ್ತ್ರಜ್ಞ ಬಿನೋದ್ ಅಗರ್ವಾಲ್. ಪ್ರಸಾರ ಆರಂಭವಾಗುವ ಮೊದಲು, ನಡೆಯುತ್ತಿರುವಾಗ, ಮುಗಿದ ಮೇಲೆ ಸಮೀಕ್ಷೆ ನಡೆಯಿತು. ಟಿ.ವಿ. ಬಂದ ಹಳ್ಳಿಯ ಪಕ್ಕದಲ್ಲೇ ಟಿ.ವಿ. ಬಾರದ ಹಳ್ಳಿಯನ್ನೂ ಹೋಲಿಕೆಗೆ ಇಟ್ಟುಕೊಂಡರು. ಬರೀ ಪ್ರಶ್ನಾವಳಿಯಿಂದ ಊರು ಅರ್ಥವಾಗುವುದಿಲ್ಲವೆಂದು ಕೆಲವು ಸಂಶೋಧಕರು ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ಉಳಿದು, ಟಿ.ವಿ. ಮುಂದೆ ಯಾರು ಕೂರುತ್ತಾರೆ, ಯಾರು ನಿಲ್ಲುತ್ತಾರೆ, ಯಾರು ಬರುವುದೇ ಇಲ್ಲ ಎಂದು ಬರೆದಿಟ್ಟುಕೊಂಡರು.

ಬಂದ ಉತ್ತರಗಳು ಮಿಶ್ರವಾಗಿದ್ದವು. ಆರಂಭದ ದಿನಗಳ ಜಾತ್ರೆಯಂಥ ಜನಸಂದಣಿ ಹೊಸತನ ಕಳೆದಂತೆ ಇಳಿಯಿತು. ನೋಡುವವರಲ್ಲಿ ಗಂಡಸರೇ ಹೆಚ್ಚು. ಆದರೆ ಬಂದವರಲ್ಲಿ ಬಹಳಷ್ಟು ಮಂದಿ ಪತ್ರಿಕೆ ಓದದ, ಸಿನಿಮಾ ನೋಡದ, ರೇಡಿಯೋ ಕೇಳದ ಬಡವರು. ಯಾವುದೇ ಸಮೂಹ ಮಾಧ್ಯಮವನ್ನು ಅವರು ಮುಟ್ಟಿದ್ದು ಅದೇ ಮೊದಲು. ಆರೋಗ್ಯ ಮತ್ತು ಕುಟುಂಬ ಯೋಜನೆಯ ತಿಳಿವಳಿಕೆಯಲ್ಲಿ ಓದುಬರಹ ಬಲ್ಲವರಿಗಿಂತ ಬಾರದವರು, ಗಂಡಸರಿಗಿಂತ ಹೆಂಗಸರು ಹೆಚ್ಚು ಲಾಭ ಪಡೆದರು. ಬೇಸಾಯದಲ್ಲಿ ಮಾತ್ರ ಹೊಸ ಪದ್ಧತಿಗೆ ಕೈ ಹಾಕಿದವರ ಪ್ರಮಾಣ ಗಮನಿಸುವಷ್ಟು ಏರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ: ತೆರೆಯ ಮೇಲೆ ಕಂಡ ಬೀಜ, ಗೊಬ್ಬರ, ನೀರು, ಸಾಲ ಊರಿನಲ್ಲಿ ಸಿಗದಿದ್ದರೆ ತಿಳಿದುಕೊಂಡು ಮಾಡುವುದಾದರೂ ಏನು?

ಮಕ್ಕಳ ವಿಷಯದಲ್ಲಿ ಬಂದ ಫಲಿತಾಂಶ ಯೋಜನೆಯವರಿಗೆ ಸಿಹಿಯಾಗಿರಲಿಲ್ಲ. ಶಾಲೆಯ ಪಾಠಗಳ ಸಾಧನೆಯಲ್ಲಿ ಟಿ.ವಿ. ಇದ್ದ ಹಳ್ಳಿಗೂ ಇಲ್ಲದ ಹಳ್ಳಿಗೂ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಟಿ.ವಿ. ಇದೆ ಎಂದು ದಾಖಲಾತಿ ಏರಲಿಲ್ಲ, ಶಾಲೆ ಬಿಡುವವರೂ ಕಡಿಮೆಯಾಗಲಿಲ್ಲ. ದನ ಕಾಯುವ, ಕಳೆ ಕೀಳುವ, ತಂಗಿ ತಮ್ಮಂದಿರನ್ನು ಎತ್ತಿಕೊಳ್ಳುವ ಮಗುವನ್ನು ಟಿ.ವಿ. ಶಾಲೆಗೆ ಎಳೆದು ತರಲಾರದು. ಆದರೆ ಅದೇ ಸಂಶೋಧನೆ ಇನ್ನೆರಡು ಸಂಗತಿಗಳನ್ನೂ ಹೇಳಿತು. ನೋಡಿದ ಮಕ್ಕಳ ಭಾಷೆ ಬೆಳೆದಿತ್ತು. ಗೊತ್ತಿಲ್ಲದ್ದನ್ನು ಬೇರೆ ಬೇರೆ ಕಡೆಗಳಿಂದ ಹುಡುಕಿ ತಿಳಿಯುವ ಕುತೂಹಲ ಹೆಚ್ಚಿತ್ತು. ವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಶಿಕ್ಷಕರ ತರಬೇತಿಯ ಫಲವಂತೂ ಎಲ್ಲಕ್ಕಿಂತ ಚೆನ್ನಾಗಿ ಬಂತು; ಅವರ ವಿಜ್ಞಾನದ ತಿಳಿವಳಿಕೆ, ಹೊಸ ವಿಧಾನದ ಬಗೆಗಿನ ಒಲವು ಎರಡೂ ಏರಿದ್ದವು.

ಈ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಎಳೆ ಕಾಣುತ್ತದೆ. ಯಂತ್ರದ ಜೊತೆ ಮನುಷ್ಯರೂ ಗುಂಪೂ ಕೈಕೆಲಸವೂ ಇದ್ದ ಕಡೆ, ಅಂದರೆ ಶಿಕ್ಷಕರ ತರಬೇತಿಯಲ್ಲಿ, ಫಲ ಗಟ್ಟಿಯಾಗಿ ಬಂತು. ಯಂತ್ರವೊಂದೇ ಹಾಡಿಕೊಂಡು ಹೋದ ಕಡೆ ಫಲ ತೆಳುವಾಯಿತು. ಇಪ್ಪತ್ತೆರಡೂವರೆ ನಿಮಿಷ ಮುಗಿದ ಮೇಲೆ ಮೇಷ್ಟರು ಮಕ್ಕಳ ಜೊತೆ ಏನು ಮಾತಾಡಿದರು ಎಂಬುದರ ಮೇಲೆ ಆ ಪಾಠದ ಗತಿ ನಿಂತಿತ್ತು.

ಉಪಗ್ರಹ ಹೋದ ಮೇಲೆ

1976ರ ಜುಲೈ 31ಕ್ಕೆ ಒಪ್ಪಂದ ಮುಗಿಯಿತು. ಎಟಿಎಸ್-6 ಪಶ್ಚಿಮದತ್ತ ಹೊರಟಿತು. ಹಳ್ಳಿಗಳ ತೆರೆ ಬರಿದಾಯಿತು. ಸರ್ಕಾರ ಸೈಟ್ ಪ್ರದೇಶಗಳಲ್ಲಿ ಗೋಪುರದ ಮೂಲಕ ಪ್ರಸಾರ ಮುಂದುವರಿಸಲು ಹೊರಟು 1977ರಲ್ಲಿ ಗುಲ್ಬರ್ಗಕ್ಕೆ ಕೇಂದ್ರ ಕೊಟ್ಟಿತು. ಕರ್ನಾಟಕದ ಮೊದಲ ಟಿ.ವಿ. ಕೇಂದ್ರ ಹೀಗೆ ಇಂದಿನ ಕಲ್ಯಾಣ ಕರ್ನಾಟಕದ ಪಾಲಾಯಿತು. ಆದರೆ ಗೋಪುರದ ವ್ಯಾಪ್ತಿಗೆ ಸಿಕ್ಕದ ಹಳ್ಳಿಗಳು ಮತ್ತೆ ಕಾಯಬೇಕಾಯಿತು.

ಗುಜರಾತಿನ ಖೇಡಾ ಜಿಲ್ಲೆಯ ಕಥೆ ಇನ್ನೂ ಕಟುವಾದದ್ದು. ಸೈಟ್ ಜೊತೆಗೇ ಅಲ್ಲಿನ ಪೀಜ್ ಎಂಬ ಊರಲ್ಲಿ ಇಸ್ರೋ ಸಣ್ಣದೊಂದು ಪ್ರಸಾರಕ ಇಟ್ಟಿತ್ತು. ಜಿಲ್ಲೆಯ ಜನರ ಕಷ್ಟಸುಖವನ್ನೇ ಅವರ ಮಾತಿನಲ್ಲಿ ತೋರಿಸಿ, ಅವರನ್ನೇ ನಟರಾಗಿಸಿ, ಅವರಿಂದಲೇ ಬರೆಸಿ ಅದು ಹತ್ತು ವರ್ಷ ನಡೆಯಿತು. 1984ರಲ್ಲಿ ಗ್ರಾಮೀಣ ಸಂವಹನಕ್ಕೆ ಯುನೆಸ್ಕೋ ಪ್ರಶಸ್ತಿಯನ್ನೂ ಪಡೆಯಿತು. ಮರುವರ್ಷವೇ ಆ ಪ್ರಸಾರಕವನ್ನು ಕಿತ್ತು ಮದರಾಸಿನ ಎರಡನೇ ಚಾನೆಲ್‌ಗೆ ಕೊಟ್ಟರು. ಊರಿನವರು ಪ್ರತಿಭಟಿಸಿದರು, ಫಲ ಸಿಗಲಿಲ್ಲ.

1983ರಲ್ಲಿ ಇನ್‌ಸ್ಯಾಟ್-1ಬಿ ಬಂದ ಮೇಲೆ ನಮ್ಮದೇ ಉಪಗ್ರಹದಿಂದ ದೇಶವಿಡೀ ಟಿ.ವಿ. ಹಬ್ಬಿತು. ಅಷ್ಟು ಹೊತ್ತಿಗೆ ಜಾಹೀರಾತು, ಬಣ್ಣ, ಧಾರಾವಾಹಿಗಳು ಬಂದಾಗಿತ್ತು. ಪಾಠ ಮೂಲೆಗೆ ಸರಿಯಿತು. 1984-85ರಲ್ಲಿ ಸುಮಾರು 250 ಪ್ರೌಢಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟ ‘ಕ್ಲಾಸ್’ ಯೋಜನೆ ಆರಂಭವಾದಾಗ ಅದರ ಮೌಲ್ಯಮಾಪನಕ್ಕೆ ಸೈಟ್‌ನಲ್ಲಿ ಪಳಗಿದ್ದ ಬಾಹ್ಯಾಕಾಶ ಅನ್ವಯ ಕೇಂದ್ರವನ್ನೇ ಕರೆದರು. ಟಿ.ವಿ. ಕಾಲದ ಸಂಶೋಧನಾ ಪದ್ಧತಿ ಹೀಗೆ ಕಂಪ್ಯೂಟರ್ ಕಾಲಕ್ಕೆ ದಾಟಿತು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಹಾರಿತು. ಅದರ ಆರಂಭದ ಪ್ರಯೋಗಗಳಲ್ಲಿ ಒಂದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ, ಇನ್ನೊಂದು ಚಾಮರಾಜನಗರ ಜಿಲ್ಲೆಯ ಎಂಟು ನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಲ್ಲಿ ನಡೆಯಿತು. 2020ರಲ್ಲಿ ಕೊರೊನಾ ಶಾಲೆಗಳಿಗೆ ಬೀಗ ಹಾಕಿಸಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಸೈಟ್‌ನಿಂದ ಸುಮಾರು 45 ವರ್ಷ ಕಳೆದ ಮೇಲೂ, ಮೊಬೈಲ್ ಇಲ್ಲದ ಮನೆಯ ಮಗುವಿಗೆ ನೆರವಾದದ್ದು ಅದೇ ಟಿ.ವಿ.

ನಮಗೆ ಉಳಿದ ಪಾಠ

ಸೈಟ್ ಗೆದ್ದಿತೇ, ಸೋತಿತೇ? ಎಂಜಿನಿಯರಿಂಗ್ ದೃಷ್ಟಿಯಿಂದ ಅದು ನಿಸ್ಸಂಶಯವಾಗಿ ಗೆದ್ದಿತು. ಇನ್‌ಸ್ಯಾಟ್ ಕಟ್ಟುವ ಧೈರ್ಯ ಅಲ್ಲಿಂದಲೇ ಬಂತು. ಶಿಕ್ಷಣದ ದೃಷ್ಟಿಯಿಂದ ಅದು ಹೇಳಿದ್ದು ಹೆಚ್ಚು, ಸಾಧಿಸಿದ್ದು ಕಡಿಮೆ. ಒಂದು ವರ್ಷದಲ್ಲಿ ಒಂದು ತಲೆಮಾರಿನ ಕಲಿಕೆ ಬದಲಾಗಬೇಕೆಂದು ಬಯಸುವುದೇ ಅತಿಯಾಸೆ. ಅದರ ನಿಜವಾದ ಹಿರಿಮೆ ಇರುವುದು ಕೆಲಸದ ಕ್ರಮದಲ್ಲಿ. ಮೊದಲು 80 ಹಳ್ಳಿ, ಆಮೇಲೆ 2,400. ಮೊದಲು ಅಳತೆ, ಆಮೇಲೆ ವಿಸ್ತರಣೆ. ಮಕ್ಕಳ ಅಂಕ ಏರಲಿಲ್ಲ ಎಂಬ ಸಂಗತಿಯನ್ನು ಹೊರಗಿನ ಯಾವ ಟೀಕಾಕಾರನೂ ಬಯಲು ಮಾಡಬೇಕಾಗಲಿಲ್ಲ, ಯೋಜನೆ ನಡೆಸಿದ ಸಂಸ್ಥೆಯೇ ಅಚ್ಚು ಹಾಕಿಸಿ ಹೇಳಿತು.

ನಾವು ಈಗ ಈ ಕ್ರಮವನ್ನು ಮರೆತಿದ್ದೇವೆ. ಪರದೆ ಮೊದಲು ಬರುತ್ತದೆ, ಪ್ರಶ್ನೆ ಆಮೇಲೆ; ಹಲವು ಸಲ ಪ್ರಶ್ನೆ ಬರುವುದೇ ಇಲ್ಲ. ನಿಮ್ಮ ಊರಿನ ಶಾಲೆಗೆ ಸ್ಮಾರ್ಟ್ ಕ್ಲಾಸ್ ಬಂದಾಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ಇದು ಕೆಟ್ಟರೆ ರಿಪೇರಿ ಮಾಡುವವರು ಯಾರು? ಮೇಷ್ಟರಿಗೆ ತರಬೇತಿ ಎಷ್ಟು ದಿನ? ಇದಿಲ್ಲದ ಶಾಲೆಯ ಮಕ್ಕಳಿಗಿಂತ ನಮ್ಮ ಮಕ್ಕಳು ಏನು ಹೆಚ್ಚು ಕಲಿತರೆಂದು ಅಳೆಯುವವರು ಯಾರು? ಅಳೆದದ್ದನ್ನು ನಮಗೆ ತೋರಿಸುತ್ತೀರಾ? 1975ರಲ್ಲಿ ಈ ನಾಲ್ಕಕ್ಕೂ ಉತ್ತರ ಸಿದ್ಧವಿತ್ತು. ಈಗ ಇಲ್ಲವೆಂದರೆ ಕೇಳಿ ಪಡೆಯುವುದು ನಮ್ಮ ಹಕ್ಕು.